ಸೆರೆಯಾಳಿನ ಕೂಲಿಯಲ್ಲಿ ಯಾರ ಪಾಲೆಷ್ಟು?

ವ್ಹಿ. ಶಾಂತಾರಾಮರ ‘ದೋ ಆಂಖೇ ಬಾರಹ್ ಹಾಥ್’ ಎಂಬ ಹಿಂದೀ ಚಿತ್ರ 1957ರಲ್ಲಿ ಬಂದಿತು. ಮುಂಬಯಿಯಲ್ಲಿ ನೆಲೆಸಿದ ನಮ್ಮ ಹಿರಿಯರಲ್ಲಿ ಅದನ್ನು ನೋಡದವರು ವಿರಳ. ಕಿರಿಯರು ಅದರ ಪ್ರಾರ್ಥನಾಗೀತವನ್ನಾದರೂ ಕೇಳಿರುತ್ತಾರೆ. ಆರು ಮಂದಿ ಕೊಲೆಗಾರರನ್ನು ಒಬ್ಬ ಜೈಲರನು ಗೋಡೆಯಿಲ್ಲದ ಬಯಲಿಗೆ ಕರೆದೊಯ್ಯುತ್ತಾನೆ. ಬರಡು ನೆಲವನ್ನು ಅವರ ಕೈಯಿಂದಲೇ ಹದಮಾಡಿಸುತ್ತಾನೆ. ಬೆಳೆದ ತರಕಾರಿಯನ್ನು ಅವರೇ ಪೇಟೆಗೆ ಒಯ್ದು ನ್ಯಾಯವಾದ ಬೆಲೆಗೆ ಮಾರುತ್ತಾರೆ. ಚಿತ್ರ ನೋಡಿ ಹೊರಬಂದವರು ಜೈಲರನ ತ್ಯಾಗವನ್ನು ನೆನೆದು ಕಣ್ಣೊರೆಸಿಕೊಂಡರು. ಆದರೆ ಒಂದು ಸಣ್ಣ ಪ್ರಶ್ನೆ ನಮ್ಮಲ್ಲಿ ಎಷ್ಟು ಜನಕ್ಕೆ ಹೊಳೆದಿತ್ತೋ ಕಾಣೆವು: ಕೈದಿ ದುಡಿದು ಗಳಿಸಿದ ಆ ಹಣ ಯಾರದು? ಅವನಿಗೆ ಅನ್ನ ಹಾಕುವ ಸರಕಾರದ್ದೇ, ಅವನಿಂದ ಹಾನಿಗೊಂಡವರದೇ, ಊರಿನಲ್ಲಿ ಅವನ ದಾರಿ ನೋಡುವ ಹೆಂಡತಿ ಮಕ್ಕಳದೇ, ಅವನದೇ?

ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬರನ್ನೂ ವಿಜಯನಗರವನ್ನೂ ನೆನೆಯುವುದು ನಮ್ಮ ವಾಡಿಕೆ. ಅದು ಸರಿಯೇ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರ ಮನೆತನಗಳಿಗೆ ಪಗಾರದ ಇತಿಹಾಸವೂ ಇತಿಹಾಸವೇ. ಆದುದರಿಂದ ಈ ಸಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಸ್ವಲ್ಪ ದೂರ ಹೋಗಿ ಬರೋಣವೆಂದು ಬಯಸಿದ್ದೇವೆ.

ಸ್ವತಂತ್ರಪುರ

ಶಾಂತಾರಾಮರ ಚಿತ್ರದ ಕಥೆ ಬರಿಯ ಕಲ್ಪನೆಯಲ್ಲ. ಕಥೆ ಬರೆದ ಗ. ದಿ. ಮಾಡಗೂಳಕರರು ಹಿಂದಿನ ಔಂಧ ಸಂಸ್ಥಾನದ ಆಟಪಾಡಿ ಸೀಮೆಯವರು. ಆ ಸಂಸ್ಥಾನದ ಒಂದು ತುಣುಕು ನಮ್ಮ ವಿಜಾಪುರ ಜಿಲ್ಲೆಯೊಳಗೂ ಇದ್ದಿತು. ಔಂಧದ ಅರಸರಾದ ಭವಾನರಾವ ಪಂತ ಪ್ರತಿನಿಧಿಗಳು ಗಾಂಧೀಜಿಯವರ ಸಲಹೆಯಂತೆ 1939ರಲ್ಲಿ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದರು. ಅದೇ ಸುಮಾರಿಗೆ ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಕೈದಿಗಳ ವಸತಿ ಹುಟ್ಟಿತು. ಅಲ್ಲಿ ಗೋಡೆಯಿಲ್ಲ, ಸರಪಳಿಯಿಲ್ಲ. ಕೈದಿಗಳು ಹೆಂಡತಿ ಮಕ್ಕಳೊಡನೆ ಇದ್ದು ಹೊಲ ಗೇಯಬೇಕು. ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೂ ಈ ವಸತಿ ಉಳಿಯಿತು. ಮಹಾರಾಷ್ಟ್ರದ ಬಂದೀಖಾನೆ ಖಾತೆಯಡಿ ಇಂದಿಗೂ ಅದು ಸಣ್ಣ ಪ್ರಮಾಣದಲ್ಲಿ ನಡೆದಿದೆ.

ಈ ಪ್ರಯೋಗದ ಹಿಂದೆ ಇದ್ದ ಒಬ್ಬ ಮಹನೀಯರಿಗೂ ಕನ್ನಡ ನಾಡಿಗೂ ನಂಟಿತ್ತೆಂಬುದು ನಮಗೆ ಸಂತೋಷದ ಸಂಗತಿ. ಅವರು ಪೋಲೆಂಡಿನ ಇಂಜಿನಿಯರ್ ಮಾರಿಸ್ ಫ್ರೀಡ್‌ಮನ್. ಭಾರತಕ್ಕೆ ಅವರು ಬಂದುದೇ ಮೈಸೂರು ಸಂಸ್ಥಾನದ ಕೆಲಸಕ್ಕೆ. ಬೆಂಗಳೂರಿನ ಸರಕಾರಿ ವಿದ್ಯುತ್ ಸಾಮಗ್ರಿ ಕಾರಖಾನೆಯನ್ನು ನಡೆಸುತ್ತಿದ್ದರು. ಆಮೇಲೆ ಗಾಂಧೀಜಿಯವರ ಅನುಯಾಯಿಯಾಗಿ, ಭಾರತಾನಂದರೆಂಬ ಹೆಸರು ತಳೆದು, ಔಂಧದ ಸ್ವರಾಜ್ಯದ ಪ್ರಯೋಗದಲ್ಲಿ ಕೈಗೂಡಿಸಿದರು. ಕಡೆಗೆ ಮುಂಬಯಿಯಲ್ಲಿ ನೆಲೆಸಿ 1976ರಲ್ಲಿ ಇಲ್ಲಿಯೇ ತೀರಿಕೊಂಡರು.

ಸ್ವತಂತ್ರಪುರದ ಕೈದಿಯ ಪ್ರಶ್ನೆ ಸುಲಭವಾಗಿತ್ತು. ಹೊಲದಲ್ಲಿ ದುಡಿದರೆ ಸಂಸಾರ ಕಣ್ಣೆದುರೇ ಉಣ್ಣುತ್ತಿತ್ತು. ಆದರೆ ಹತ್ತಾರು ಕೈದಿಗಳಿರುವ ಕಡೆ ಹೊಂದುವ ಲೆಕ್ಕ ಸಾವಿರಾರು ಕೈದಿಗಳಿರುವ ಸೆರೆಮನೆಗೆ ಹೊಂದುವುದಿಲ್ಲ. ಅಲ್ಲಿ ದುಡಿಮೆಗೆ ಕೂಲಿ ಕಟ್ಟಬೇಕು. ಕೂಲಿಯಲ್ಲಿ ಯಾರಿಗೆಷ್ಟು ಹಿಡಿಯಬೇಕೆಂದು ಗೊತ್ತುಮಾಡಬೇಕು. ಈ ಹಿಡಿತದ ಕಥೆ ಮಾತ್ರ ಇಂದು ನಿನ್ನೆಯದಲ್ಲ.

ಹಳೆಯ ಕಾಯಿದೆಯ ಒಂದು ಕಲಮು

ಕಂಪನಿ ಸರಕಾರದ ಕಾಲದಲ್ಲಿ ಕೈದಿಗಳನ್ನು ಸಾಲುಗಟ್ಟಿಸಿ ರಸ್ತೆ ಕೆಲಸಕ್ಕೆ ಅಟ್ಟುತ್ತಿದ್ದರು. ಮೆಕಾಲೆಯ ಸೂಚನೆಯಂತೆ ನೇಮಕವಾದ ಸೆರೆಮನೆ ಸಮಿತಿಯೊಂದು 1838ರಲ್ಲಿ ವರದಿ ಒಪ್ಪಿಸಿತು. ಹೊರಗಿನ ಕೆಲಸ ಕೂಡದು, ಗೋಡೆಯೊಳಗೇ ಬೇಸರ ಹುಟ್ಟಿಸುವ ಕೆಲಸ ಕೊಡಬೇಕು ಎಂಬುದು ಅದರ ಅಭಿಪ್ರಾಯ. ಕೆಲಸವೆಂದರೆ ಶಿಕ್ಷೆ, ಶಿಕ್ಷೆಗೆ ಕೂಲಿ ಎಲ್ಲಿಯದು? ಮುಂದೆ ಒಂದು ಶತಮಾನ ಕಾಲ ಗಾಣ ತಿರುಗಿಸಿದ, ಹಗ್ಗ ಹೊಸೆದ, ಕಲ್ಲು ಒಡೆದ ಕೈಗಳಿಗೆ ಕೂಲಿಯೆಂಬುದು ಅರಿಯದ ಮಾತಾಗಿತ್ತು.

ಆದರೆ 1894ರ ಬಂದೀಖಾನೆ ಕಾಯಿದೆಯ 34ನೆಯ ಕಲಮಿನಲ್ಲಿ ಒಂದು ವಿಶೇಷವಿದೆ. ಅದು ದಿವಾಣಿ ಕೈದಿಗಳಿಗೆ, ಅಂದರೆ ಸಾಲ ತೀರಿಸಲಾರದೆ ಸೆರೆ ಸೇರಿದವರಿಗೆ, ಸಂಬಂಧಿಸಿದುದು. ಅಂಥವನು ತನ್ನ ಕಸಬನ್ನು ಸೆರೆಯಲ್ಲಿಯೂ ನಡೆಸಬಹುದು. ಉಪಕರಣವೂ ಅವನದೇ, ಊಟದ ಖರ್ಚೂ ಸೆರೆಮನೆಯದಲ್ಲ ಎಂದಾದರೆ ಗಳಿಕೆಯೆಲ್ಲ ಅವನದು. ಉಪಕರಣವನ್ನು ಸೆರೆಮನೆ ಕೊಟ್ಟಿದ್ದರೆ, ಅಥವಾ ಅವನನ್ನು ಸೆರೆಮನೆಯೇ ಸಾಕುತ್ತಿದ್ದರೆ, ಅದಕ್ಕಾಗಿ ಗಳಿಕೆಯಲ್ಲಿ ಅಧೀಕ್ಷಕನು ಗೊತ್ತುಮಾಡಿದಷ್ಟು ಹಿಡಿಯತಕ್ಕದ್ದು. ನಮ್ಮ ದೇಶದ ಕಾಯಿದೆಯ ಪುಸ್ತಕದಲ್ಲಿ ಕೈದಿಯ ಗಳಿಕೆಯ ಕಡಿತ ಹೀಗೆ ಬರೆದಿಟ್ಟುದಾಗಿದೆ. ಲೆಕ್ಕ ಕಟ್ಟುನಿಟ್ಟಾದುದೇ, ಆದರೆ ಮುಚ್ಚುಮರೆಯಿಲ್ಲದ ಲೆಕ್ಕ. ಗಳಿಕೆ ಇಷ್ಟು, ಕಳೆದುದು ಇಷ್ಟು, ಉಳಿದುದು ಇಷ್ಟು ಎಂದು ಮನುಷ್ಯನ ಮುಂದೆ ಹೇಳಬಹುದಾದ ಲೆಕ್ಕ.

ಇದೇ ಕಾಯಿದೆಯ ಮುಂದಿನ ಕಲಮು ಫೌಜದಾರಿ ಕೈದಿಗಳದು. ಸಾಮಾನ್ಯವಾಗಿ ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದೆಂದು ಅಲ್ಲಿ ಹೇಳಿದೆ. ಕೂಲಿಯ ಮಾತು ಅಲ್ಲಿಲ್ಲ. ಸಾಲಗಾರನಿಗೆ ಗಳಿಕೆಯೂ ಉಂಟು, ಕಡಿತವೂ ಉಂಟು; ಅಪರಾಧಿಗೆ ಎರಡೂ ಇಲ್ಲ. ಕೈದಿಯನ್ನು ತಿದ್ದಿ ಸಮಾಜಕ್ಕೆ ಮರಳಿಸುವುದೂ ಸೆರೆಮನೆಯ ಗುರಿಯೆಂದು ಕಾರ್ಡ್ಯೂ ಸಾಹೇಬರ ಅಧ್ಯಕ್ಷತೆಯ ಸಮಿತಿ 1919-20ರಲ್ಲಿ ಹೇಳಿದ ಮೇಲೆಯೇ ಗಾಳಿ ತುಸು ತಿರುಗಿತು.

ವಿಸ್ಕಾನ್ಸಿನ್ನಿನ ಸರದಿ

ಅಷ್ಟರಲ್ಲಿ ಅಮೇರಿಕೆಯ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಹೊಸ ಬಗೆ ಕಾಣಿಸಿಕೊಂಡಿತ್ತು. ಅಲ್ಲಿಯ ಶಾಸನಸಭೆಯ ಸೆನೆಟರ್ ಹೆನ್ರಿ ಹ್ಯೂಬರ್ ಎಂಬವರ ಹೆಸರಿನಿಂದ ಪ್ರಸಿದ್ಧವಾದ ಕಾಯಿದೆ 1913ರಲ್ಲಿ ಜಾರಿಗೆ ಬಂದಿತು. ಸಣ್ಣ ತಪ್ಪಿಗಾಗಿ ಜಿಲ್ಲಾ ಜೈಲಿನಲ್ಲಿ ಕೆಲವು ತಿಂಗಳು ಕಳೆಯುವವನ ಸ್ಥಿತಿಯನ್ನು ನೆನೆಯಿರಿ. ಅವನನ್ನು ಕೂಡಿಹಾಕಿದರೆ ಅವನ ನೌಕರಿ ಹೋಯಿತು. ಒಳಗೆ ಅವನಿಗೆ ಸರಕಾರ ಊಟ ಹಾಕಬೇಕು. ಹೊರಗೆ ಉಪವಾಸ ಬಿದ್ದ ಅವನ ಸಂಸಾರಕ್ಕೂ ಸಮಾಜವೇ ಊಟ ಹಾಕಬೇಕು. ಹಗಲು ಅವನು ತನ್ನ ಕೆಲಸಕ್ಕೆ ಹೋಗಿಬರಲಿ, ರಾತ್ರಿ ಜೈಲಿನಲ್ಲಿರಲಿ ಎಂಬುದು ಹ್ಯೂಬರ್ ಕಾಯಿದೆಯ ತಿರುಳು.

ಹೊರಗಿನ ಧಣಿಯಿಂದ ಬಂದ ಪಗಾರ ಕೈದಿಯ ಕೈಗೆ ನೇರವಾಗಿ ಸೇರುವುದಿಲ್ಲ. ಕಾಯಿದೆಯಲ್ಲಿ ಒಂದು ಸರದಿ ಬರೆದಿದ್ದಾರೆ. ಮೊದಲು ಜೈಲಿನಲ್ಲಿ ಅವನ ಊಟದ ಖರ್ಚು. ಎರಡನೆಯದಾಗಿ ಕೆಲಸಕ್ಕೆ ಹೋಗಿಬರುವ ಪ್ರಯಾಣದ ವೆಚ್ಚ. ಮೂರನೆಯದಾಗಿ ಅವನನ್ನು ನಂಬಿದವರ ಪೋಷಣೆ. ನಾಲ್ಕನೆಯದಾಗಿ ಅವನು ಒಪ್ಪಿಕೊಂಡ ಇಲ್ಲವೆ ನ್ಯಾಯಾಲಯ ಹೇಳಿದ ಸಾಲಬಾಧೆ. ಕಡೆಗೆ ಏನಾದರೂ ಮಿಕ್ಕರೆ ಬಿಡುಗಡೆಯ ದಿನ ಅವನ ಕೈಗೆ. ಸರಕಾರ ತನ್ನ ಅನ್ನದ ಬೆಲೆಯನ್ನು ಮೊದಲು ಹಿಡಿದುಕೊಂಡು ಮಕ್ಕಳನ್ನು ಮೂರನೆಯ ಸ್ಥಾನದಲ್ಲಿ ನಿಲ್ಲಿಸಿತೆಂಬುದನ್ನು ವಾಚಕರು ಗಮನಿಸಬೇಕು. ಆದರೂ ಈ ಕಾಯಿದೆಯಲ್ಲಿ ಒಂದು ನ್ಯಾಯವಿತ್ತು. ಕಡಿತವಾಗುತ್ತಿದ್ದುದು ಹೊರಗಿನ ಧಣಿ ಕೊಟ್ಟ ಪಗಾರದಿಂದ. ದೊಡ್ಡ ರಾಶಿಯಿಂದ ತೆಗೆದರೆ ರಾಶಿ ಉಳಿಯುತ್ತದೆ. ಹಿಡಿಯಷ್ಟಿದ್ದರೆ ತೆಗೆದಮೇಲೆ ಉಳಿಯುವುದೇನು?

ನಾರ್ತ್ ಕ್ಯಾರೊಲೈನಾ ರಾಜ್ಯ 1957ರಲ್ಲಿ ಈ ಪದ್ಧತಿಯನ್ನು ರಾಜ್ಯದ ದೊಡ್ಡ ಸೆರೆಮನೆಗಳ ಕೈದಿಗಳಿಗೂ ವಿಸ್ತರಿಸಿತು. ಅಮೇರಿಕೆಯ ಕೇಂದ್ರ ಸರಕಾರ 1965ರಲ್ಲಿ ತನ್ನ ಕೈದಿಗಳಿಗೂ ಹೊರಗೆ ದುಡಿಯುವ ಅವಕಾಶ ಕೊಟ್ಟಿತು. ಅದೇ ಊರಿನಲ್ಲಿ ಅದೇ ಬಗೆಯ ಕೆಲಸಕ್ಕೆ ಇತರರು ಪಡೆಯುವ ಪಗಾರಕ್ಕಿಂತ ಕಡಿಮೆ ಕೊಡಕೂಡದೆಂಬುದು ಅದರ ನಿಬಂಧನೆ. ಸೆರೆಮನೆಯ ಕೈಗಾರಿಕೆಗಳನ್ನು ಕುರಿತ 1979ರ ಕಾಯಿದೆಯಲ್ಲಿಯೂ ಇದೇ ಜೋಡಿ ನಿಯಮ ಕಾಣುತ್ತದೆ: ಪೇಟೆಯ ದರದ ಕೂಲಿ ಕೊಡಬೇಕು, ತೆರಿಗೆ, ಊಟ ವಸತಿ, ಸಂಸಾರದ ಪೋಷಣೆ, ಅಪರಾಧಕ್ಕೆ ಗುರಿಯಾದವರ ನಿಧಿ ಇವೆಲ್ಲ ಸೇರಿ ಕಡಿತ ಒಟ್ಟು ಗಳಿಕೆಯ ನೂರಕ್ಕೆ 80ನ್ನು ಮೀರಕೂಡದು. 80 ಎಂದರೆ ಅಲ್ಪವಲ್ಲ. ಆದರೆ ಕಡಿತಕ್ಕೂ ಒಂದು ಅಣೆಕಟ್ಟು ಬೇಕೆಂಬ ಮಾತನ್ನಾದರೂ ಅವರು ಬರೆದಿಟ್ಟರು.

ಸಂಪೂರ್ಣಾನಂದರ ಶಿಬಿರಗಳು

ನಮ್ಮ ದೇಶಕ್ಕೆ ಮರಳೋಣ. ಸ್ವಾತಂತ್ರ್ಯದ ಹೋರಾಟ ನಮಗೆ ಮಾಡಿದ ಒಂದು ಉಪಕಾರವೆಂದರೆ ಅಧಿಕಾರಕ್ಕೆ ಬಂದ ನಾಯಕರಲ್ಲಿ ಅನೇಕರು ಸೆರೆಮನೆಯನ್ನು ಒಳಗಿನಿಂದ ಕಂಡವರಾಗಿದ್ದುದು. ಹಿಂಡಲಗಿ, ಯರವಡಾಗಳಲ್ಲಿ ಸಜೆ ಕಂಡ ಕನ್ನಡಿಗರೂ ಅನೇಕರು. ಉತ್ತರ ಪ್ರದೇಶದ ಡಾ. ಸಂಪೂರ್ಣಾನಂದರು ಅಂಥ ನಾಯಕರಲ್ಲೊಬ್ಬರು. ವಿದ್ವಾಂಸರು, 1954ರಿಂದ 1960ರ ವರೆಗೆ ಆ ರಾಜ್ಯದ ಮುಖ್ಯಮಂತ್ರಿಗಳು. ಬನಾರಸದ ಸಮೀಪ ಚಂದ್ರಪ್ರಭಾ ನದಿಗೆ ಅಣೆಕಟ್ಟು ಕಟ್ಟುವ ಕೆಲಸಕ್ಕೆ 1952ರಲ್ಲಿ ಕೈದಿಗಳ ಬಯಲು ಶಿಬಿರವೊಂದು ಪ್ರಾರಂಭವಾಯಿತು. ಆಮೇಲೆ ಮಿರ್ಜಾಪುರ ಜಿಲ್ಲೆಯ ಘುರ್ಮಾದಲ್ಲಿ ಚುರ್ಕ್ ಸಿಮೆಂಟು ಕಾರಖಾನೆಗಾಗಿ ಕಲ್ಲು ತೆಗೆಯುವ ಶಿಬಿರ 1956ರಲ್ಲಿ ತೆರೆಯಿತು. ಈ ಶಿಬಿರಗಳಿಗೆ ಅವರದೇ ಹೆಸರು ನಿಂತಿತು.

ಇಲ್ಲಿ ನಮಗೆ ಮುಖ್ಯವಾದುದು ಕೂಲಿಯ ಲೆಕ್ಕ. ಹೊರಗಿನ ಕೂಲಿಗಾರನಿಗೆ ಸಿಗುವ ದರವನ್ನೇ ಕೈದಿಗೂ ಕಟ್ಟಿದರು. ಅದರಿಂದ ಅವನ ಊಟ ಪಾಲನೆಯ ಖರ್ಚನ್ನು ಕಳೆದರು. ಉಳಿದುದು ಅವನದು; ಅದನ್ನು ಮನೆಗೆ ಕಳಿಸಬಹುದು, ಕೂಡಿಡಬಹುದು. ಕಲ್ಲುಗಣಿಯಲ್ಲಿ ಒಂದೇ ಸಾಲಿನಲ್ಲಿ ನಿಂತು ಒಂದೇ ಬಗೆಯ ಕಲ್ಲು ಒಡೆದ ಇಬ್ಬರಲ್ಲಿ ಒಬ್ಬನು ಕೈದಿಯೆಂದು ಕಲ್ಲಿಗೆ ಗೊತ್ತಿಲ್ಲ, ಹಾರೆಗೂ ಗೊತ್ತಿಲ್ಲ. ಕೂಲಿಗೆ ಮಾತ್ರ ಏಕೆ ಗೊತ್ತಾಗಬೇಕು?

ಹೋಟೆಲಿನ ಕೆಲಸದಿಂದ ಬದುಕು ಕಟ್ಟಿದ ನಮ್ಮ ಹಿರಿಯರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಊಟ, ತಿಂಡಿ, ಮಲಗಲು ಜಾಗ ಮಾಲಿಕರದು, ಕೈಗೆ ಇಷ್ಟು’ ಎಂಬ ಕರಾರಿನ ಮೇಲೆ ಎಷ್ಟು ಮಂದಿ ಈ ನಗರಕ್ಕೆ ಬಂದರು! ಊಟದ ಬೆಲೆ ಪಗಾರದಲ್ಲಿ ಮುರಿದುಕೊಳ್ಳುವುದು ಅವರಿಗೆ ಅನ್ಯಾಯವೆಂದು ತೋರಲಿಲ್ಲ. ಹೊರಗೆ ಉಂಡರೂ ದುಡ್ಡು ಕೊಡಬೇಕಲ್ಲವೆ? ಊಟಕ್ಕೆಷ್ಟು ಹಿಡಿದರು, ಯಾವ ಮೊತ್ತದಿಂದ ಹಿಡಿದರು ಎಂಬುದು ತಿಳಿಯದಾದಾಗ ಮಾತ್ರ ಅನ್ಯಾಯದ ಸಂಶಯ ಹುಟ್ಟುತ್ತಿತ್ತು.

ಸಂಪೂರ್ಣಾನಂದರು 1962ರಿಂದ 1967ರ ವರೆಗೆ ರಾಜಸ್ಥಾನದ ರಾಜ್ಯಪಾಲರಾಗಿದ್ದರು. ಜಯಪುರದ ಬಳಿಯ ಸಾಂಗಾನೇರದಲ್ಲಿ 1963ರಲ್ಲಿ ತೆರೆದ ಬಂದೀ ಶಿಬಿರಕ್ಕೂ ಅವರ ಹೆಸರೇ ಇದೆ. ಅಲ್ಲಿ ಪದ್ಧತಿ ಇನ್ನೂ ಮುಂದೆ ಹೋಯಿತು. ಕೈದಿ ಸಂಸಾರದೊಡನೆ ಇರುತ್ತಾನೆ. ಹಗಲು ಪೇಟೆಗೆ ಹೋಗಿ ತಾನೇ ಕೆಲಸ ಹುಡುಕಿ ದುಡಿಯುತ್ತಾನೆ. ಸಂಜೆಯ ಹಾಜರಿಗೆ ಮರಳುತ್ತಾನೆ. ಒಳಗಿನ ವ್ಯವಹಾರವನ್ನು ಕೈದಿಗಳ ಪಂಚಾಯತಿಯೇ ನೋಡಿಕೊಳ್ಳುತ್ತದೆ. ಸರಕಾರ ಕೂಲಿಯನ್ನೂ ಕೊಡುವುದಿಲ್ಲ, ಅನ್ನವನ್ನೂ ಹಾಕುವುದಿಲ್ಲ. ಆದುದರಿಂದ ಕಡಿತದ ಮಾತೂ ಏಳುವುದಿಲ್ಲ. ನಮ್ಮ ಕರ್ನಾಟಕದಲ್ಲಿಯೂ ದೇವನಹಳ್ಳಿ ತಾಲೂಕಿನ ಕೋರಮಂಗಲ ಗ್ರಾಮದಲ್ಲಿ ಬಯಲು ಬಂದೀಖಾನೆಯೊಂದಿದೆ. ಬೆಂಗಳೂರು ನಗರದೊಳಗಿನ ಕೋರಮಂಗಲ ಬೇರೆ, ಇದು ಬೇರೆ. ಅಲ್ಲಿ ಕೈದಿಗಳು ಬೇಸಾಯ ಮಾಡುತ್ತಾರೆ.

ನ್ಯಾಯಾಲಯದ ಮೆಟ್ಟಲಲ್ಲಿ

ಬಯಲು ಶಿಬಿರದ ಭಾಗ್ಯ ಕೆಲವರಿಗೆ ಮಾತ್ರ. ಗೋಡೆಯೊಳಗೆ ನೇಯ್ಗೆ, ಬಡಗಿತನ, ಅಡಿಗೆ ಕೆಲಸಗಳಲ್ಲಿದ್ದ ಬಹುಪಾಲು ಕೈದಿಗಳಿಗೆ ಅನೇಕ ರಾಜ್ಯಗಳಲ್ಲಿ ಹೆಸರಿಗಷ್ಟೇ ಕೂಲಿಯಿತ್ತು. ಕೆಲವೆಡೆ ಅದೂ ಇರಲಿಲ್ಲ. ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿದೆ. ದಿಲ್ಲಿಯ ಏಷ್ಯಾಡ್ ಕ್ರೀಡೆಗಳ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1982ರಲ್ಲಿ ಒಂದು ಮಹತ್ವದ ಮಾತು ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬೇಗಾರಿಯೇ. ಮರುವರ್ಷ, 1983ರಲ್ಲಿ, ಕೇರಳದ ಹೈಕೋರ್ಟು ಕೈದಿಗಳಿಗೂ ನ್ಯಾಯವಾದ ಕೂಲಿ ಸಲ್ಲಬೇಕೆಂದಿತು. ಅದೇ ವರ್ಷ ನ್ಯಾಯಮೂರ್ತಿ ಮುಲ್ಲಾ ಅವರ ಅಧ್ಯಕ್ಷತೆಯ ಅಖಿಲ ಭಾರತ ಸಮಿತಿಯೂ ಸೆರೆಮನೆಗಳ ಸುಧಾರಣೆಯನ್ನು ಕುರಿತ ತನ್ನ ವರದಿಯನ್ನು ಒಪ್ಪಿಸಿತು. ಗುಜರಾತಿನ ಹೈಕೋರ್ಟೂ ಕೈದಿಗಳ ಪರವಾಗಿಯೇ ಹೇಳಿತು. ಇದನ್ನೊಪ್ಪದ ಸರಕಾರಗಳು ಸುಪ್ರೀಮ್ ಕೋರ್ಟಿಗೆ ಹೋದವು.

ಅದರ ತೀರ್ಪು ಬಂದುದು 1998ರ ಸಪ್ಟೆಂಬರ್ 24ರಂದು. ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೆ. ಟಿ. ಥಾಮಸರು. ಕಠಿಣ ಸಜೆಯ ಕೈದಿಯಿಂದ ಅವನ ಒಪ್ಪಿಗೆಯಿಲ್ಲದೆಯೂ ಕೆಲಸ ಮಾಡಿಸುವುದು ಕಾನೂನಿಗೆ ವಿರುದ್ಧವಲ್ಲ. ಆದರೆ ಮಾಡಿದ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಲೇಬೇಕು. ಪ್ರತಿಯೊಂದು ರಾಜ್ಯವೂ ಕೂಲಿ ಗೊತ್ತುಮಾಡುವ ಮಂಡಲಿಯನ್ನು ನೇಮಿಸಬೇಕು. ಅಲ್ಲಿಯ ವರೆಗೆ ಆರು ವಾರಗಳೊಳಗೆ ತಾತ್ಪೂರ್ತಿಕ ದರವನ್ನಾದರೂ ಕಟ್ಟಬೇಕು ಎಂದು ಆಜ್ಞೆಯಾಯಿತು. ಕಡಿತದ ಬಗ್ಗೆ ಎರಡು ಮಾತುಗಳು ಬಂದವು. ಕೈದಿಯ ಊಟ ಬಟ್ಟೆಗಳಿಗೆ ತಗಲುವ ಖರ್ಚನ್ನು ಕನಿಷ್ಠ ಕೂಲಿಯಿಂದ ಕಳೆಯಬಹುದು ಎಂಬುದು ಒಂದು. ಕೂಲಿಯ ಒಂದು ಪಾಲನ್ನು ತೆಗೆದಿರಿಸಿ ಅಪರಾಧಕ್ಕೆ ಗುರಿಯಾದವರಿಗೆ ನೇರವಾಗಿಯೋ ನಿಧಿಯ ಮೂಲಕವೋ ಪರಿಹಾರ ಕೊಡುವಂತೆ ರಾಜ್ಯಗಳು ಕಾಯಿದೆ ಮಾಡಲಿ ಎಂಬ ಸಲಹೆ ಇನ್ನೊಂದು.

ಎರಡನೆಯದು ನಮ್ಮ ದೇಶದಲ್ಲಿ ಹೊಸ ವಿಚಾರ. ಕೊಲೆಯಾದವನ ಹೆಂಡತಿಗೆ ಕೊಲೆಗಾರನ ದುಡಿಮೆಯಿಂದ ಒಂದು ಪಾಲು ಸಲ್ಲುವುದರಲ್ಲಿ ಧರ್ಮವಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ದಿಲ್ಲಿಯ ಸೆರೆಮನೆಗಳಲ್ಲಿ ಕೂಲಿಯ ನೂರಕ್ಕೆ 25ನ್ನು ಇಂಥ ನಿಧಿಗೆ ಹಿಡಿಯುವ ನಿಯಮ 2006ರಲ್ಲಿ ಬಂದಿತು. ಮುಂದೆ ಅದೂ ನ್ಯಾಯಾಲಯದ ಮೆಟ್ಟಲೇರಿತು. ಇಂಗ್ಲೆಂಡಿನಲ್ಲಿ 1996ರಲ್ಲಿಯೇ ಕೈದಿಗಳ ಗಳಿಕೆಯ ಕಾಯಿದೆಯಾಗಿದ್ದರೂ ಅದು ಆಚರಣೆಗೆ ಬಂದುದು 2011ರ ಸಪ್ಟೆಂಬರಿನಲ್ಲಿ. ಬಿಡುಗಡೆ ಹತ್ತಿರವಾಗಿ ಹೊರಗೆ ಪಗಾರದ ಕೆಲಸಕ್ಕೆ ಹೋಗುವ ಕೈದಿಯ ವಾರದ ಗಳಿಕೆಯಲ್ಲಿ, ತೆರಿಗೆ ಮೊದಲಾದುವು ಹೋಗಿ 20 ಪೌಂಡಿಗಿಂತ ಮೇಲಿರುವ ಭಾಗದ ನೂರಕ್ಕೆ 40ರ ವರೆಗೆ ಹಿಡಿದು, ಅಪರಾಧಕ್ಕೆ ಗುರಿಯಾದವರ ನೆರವಿಗೆ ಕೊಡುವ ಪದ್ಧತಿ ಅದು. ಅಲ್ಲಿಯೂ ಮೊದಲ 20 ಪೌಂಡನ್ನು ಮುಟ್ಟದೆ ಬಿಟ್ಟರೆಂಬುದನ್ನು ನೆನಪಿನಲ್ಲಿಡಬೇಕು.

ಎರಡು ಚೀಟಿಗಳು

ಇಷ್ಟು ದೂರ ಬಂದ ಮೇಲೆ ನಮ್ಮ ಮೂಲ ಪ್ರಶ್ನೆಗೆ ಮರಳಬೇಕು. ಒಂದು ಉದಾಹರಣೆಯನ್ನು ನಾವೇ ಕಲ್ಪಿಸಿಕೊಳ್ಳೋಣ. ಹೊರಗಿನ ಕೂಲಿ ದಿನಕ್ಕೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಊಟ ಬಟ್ಟೆಯ ಖರ್ಚು 140. ಉಳಿದುದು 360. ಅದರ ನಾಲ್ಕನೆಯ ಒಂದು ಪಾಲು, ಅಂದರೆ 90, ಅಪರಾಧಕ್ಕೆ ಗುರಿಯಾದವರಿಗೆ. ಮಿಕ್ಕ 270ರಲ್ಲಿ ಅರ್ಧ ಮನೆಗೆ ಹೋಗಲಿ, ಅರ್ಧ ಬಿಡುಗಡೆಯ ದಿನಕ್ಕೆ ಕೂಡಲಿ. ಇದು ಒಂದು ಚೀಟಿ. ಇದರಲ್ಲಿ ಸರಕಾರಕ್ಕೆ ಪಾಲುಂಟು, ನೊಂದವರಿಗೆ ಪಾಲುಂಟು, ಹೆಂಡತಿ ಮಕ್ಕಳಿಗೂ ಪಾಲುಂಟು.

ಇನ್ನೊಂದು ಚೀಟಿಯಲ್ಲಿ ‘ಕೂಲಿ 60 ರೂಪಾಯಿ, ನೊಂದವರ ನಿಧಿಗೆ 15, ಉಳಿದುದು 45’ ಎಂದಷ್ಟೇ ಇರುತ್ತದೆ. ಓದಿದವರಿಗೆ ಕಡಿತವಾದುದು 15 ಮಾತ್ರವೆಂದು ತೋರುತ್ತದೆ. ಆದರೆ 500ರ ದುಡಿಮೆ 60ಕ್ಕೆ ಇಳಿದುದು ಹೇಗೆ? ಊಟ ಬಟ್ಟೆಯ ಹೆಸರಿನಲ್ಲಿ, ಕೂಲಿಯನ್ನು ಕಟ್ಟುವ ಮೊದಲೇ, 440 ರೂಪಾಯಿ ಹೋಗಿಬಿಟ್ಟಿದೆ. ಅದು ಯಾವ ಚೀಟಿಯಲ್ಲಿಯೂ ಕಾಣುವುದಿಲ್ಲ. ಕಾಣದ ಕಡಿತವನ್ನು ಯಾರೂ ಪ್ರಶ್ನಿಸಲಾರರು. 1894ರ ಕಾಯಿದೆ ಸಾಲಗಾರ ಕೈದಿಗೆ ತೋರಿಸಿದ ಮುಚ್ಚುಮರೆಯಿಲ್ಲದ ಲೆಕ್ಕ ಇಲ್ಲಿ ಇಲ್ಲವಾಗುತ್ತದೆ.

ಈ ಎರಡನೆಯ ಚೀಟಿ ಬರಿಯ ಊಹೆಯಲ್ಲ. ನಾವು ನೆಲೆಸಿರುವ ಮಹಾರಾಷ್ಟ್ರದಲ್ಲಿ 2022ರ ಸುಮಾರಿಗೆ ಕುಶಲ ಕೈದಿಯ ದಿನಗೂಲಿಯೂ ನೂರು ರೂಪಾಯಿಯನ್ನು ಮುಟ್ಟಿರಲಿಲ್ಲ. ಅದೇ ಸುಮಾರಿಗೆ ಕರ್ನಾಟಕ ಸರಕಾರ ತನ್ನ ಸೆರೆಮನೆಗಳ ಕೂಲಿಯನ್ನು ದಿನಕ್ಕೆ 500 ರೂಪಾಯಿಗೂ ಮೀರಿ ಏರಿಸಿತು. ಒಂದೇ ದೇಶ, ಒಂದೇ ಸಂವಿಧಾನ, ಒಂದೇ ಸುಪ್ರೀಮ್ ಕೋರ್ಟಿನ ತೀರ್ಪು. ನಡುವೆ ಒಂದು ರಾಜ್ಯದ ಗಡಿ. ಹಿಂಡಲಗಿಯಲ್ಲಿ ನೇಯುವ ಕೈಗೂ ಕೊಲ್ಹಾಪುರದಲ್ಲಿ ನೇಯುವ ಕೈಗೂ ಇಷ್ಟು ಅಂತರವೇಕೆ? ತಾಯ್ನಾಡಿನ ಈ ಒಂದು ಹೆಜ್ಜೆಯನ್ನು ಮೆಚ್ಚಿ ಹೇಳಲು ನಮಗೆ ಸಂಕೋಚವಿಲ್ಲ. ರಾಜ್ಯೋತ್ಸವದ ದಿನ ಹೆಮ್ಮೆಪಡಲು ಇದೂ ಒಂದು ಕಾರಣ.

ಮಹಾರಾಷ್ಟ್ರದಲ್ಲಿಯೂ ಒಳ್ಳೆಯ ಪ್ರಯತ್ನಗಳಿಲ್ಲವೆಂದಲ್ಲ. ಯರವಡಾ ಸೆರೆಮನೆಯಲ್ಲಿ 2022ರ ಮೇ 1ರಂದು ‘ಜಿವ್ಹಾಳಾ’ ಎಂಬ ಸಾಲದ ಯೋಜನೆ ಪ್ರಾರಂಭವಾಯಿತು. ಜಿವ್ಹಾಳಾ ಎಂದರೆ ಅಂತಃಕರಣ. ರಾಜ್ಯ ಸಹಕಾರಿ ಬ್ಯಾಂಕು ಕೈದಿಗೆ 50,000 ರೂಪಾಯಿಯ ವರೆಗೆ ನೂರಕ್ಕೆ 7ರ ಬಡ್ಡಿಯಂತೆ ಸಾಲ ಕೊಡುತ್ತದೆ. ಅವನ ಕೂಲಿಯಿಂದ ಅದನ್ನು ತೀರಿಸಿಕೊಳ್ಳುತ್ತದೆ. ಹಣ ಮನೆಯ ಅಡಚಣೆಗೆ ಒದಗುತ್ತದೆ. ಇದೂ ಕೂಲಿಯ ಕಡಿತವೇ. ಆದರೆ ಕೈದಿ ತಾನಾಗಿ ಒಪ್ಪಿ ತನ್ನವರಿಗಾಗಿ ಮಾಡಿಸಿಕೊಂಡ ಕಡಿತ. ಕೂಲಿಯೇ ಅಲ್ಪವಾದರೆ ಇಂಥ ಸಾಲವೂ ತೀರುವುದು ತಡವೆಂಬುದನ್ನು ಮಾತ್ರ ಮರೆಯಲಾಗದು.

ಸರದಿಯಲ್ಲಿ ಮೊದಲು ಯಾರು?

ಕೈದಿಗೆ ಕೂಲಿಯೇ ಏಕೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಹೊರಗೆ ನಿಯತ್ತಿನಿಂದ ದುಡಿಯುವವನಿಗೇ ಕೂಲಿ ಸಾಲದಿರುವಾಗ ತಪ್ಪು ಮಾಡಿದವನ ಚಿಂತೆ ನಮಗೇಕೆ ಎಂಬ ಅವರ ಮಾತು ಪೂರ್ತಿ ಹುರುಳಿಲ್ಲದ್ದಲ್ಲ. ಆದರೆ ನ್ಯಾಯಾಧೀಶರು ವಿಧಿಸಿದ ಶಿಕ್ಷೆ ಸ್ವಾತಂತ್ರ್ಯದ ಹರಣ; ಸಂಸಾರದ ಉಪವಾಸವನ್ನು ಯಾವ ನ್ಯಾಯಾಧೀಶರೂ ತೀರ್ಪಿನಲ್ಲಿ ಬರೆಯಲಿಲ್ಲ. ತಪ್ಪು ಮಾಡಿದವನು ಒಬ್ಬ. ಊರಿನ ಶಾಲೆಗೆ ಫೀ ಕಟ್ಟಲಾರದೆ ಬಿಡುವವನು ಇನ್ನೊಬ್ಬ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿಯೂ ಕಠಿಣ ಸಜೆ ಉಳಿದಿದೆ. ಆದುದರಿಂದ ಕೈದಿಯ ಕೂಲಿಯ ಪ್ರಶ್ನೆಯೂ ಉಳಿದಿದೆ.

ಕಡಿತವೇ ಕೂಡದೆಂದು ನಾವು ಹೇಳಲಾರೆವು. ಉಂಡ ಅನ್ನಕ್ಕೆ ಬೆಲೆ ಕೊಡುವುದರಲ್ಲಿ ಮರ್ಯಾದೆಯಿದೆ. ನೊಂದವರಿಗೆ ಪಾಲು ಕೊಡುವುದರಲ್ಲಿ ಪ್ರಾಯಶ್ಚಿತ್ತವಿದೆ. ಆದರೆ ಕಡಿತ ನ್ಯಾಯವಾಗಬೇಕಾದರೆ ಮೊದಲು ಕೂಲಿ ನ್ಯಾಯವಾಗಿರಬೇಕು. ಪೂರ್ತಿ ಕೂಲಿಯನ್ನು ಮೊದಲು ಚೀಟಿಯಲ್ಲಿ ಬರೆಯಬೇಕು. ಆಮೇಲೆ ಒಂದೊಂದಾಗಿ ಕಳೆಯಬೇಕು. ಘುರ್ಮಾದ ಕಲ್ಲುಗಣಿಯಲ್ಲಿ ಸಂಪೂರ್ಣಾನಂದರ ಸರಕಾರ ಕಂಡುಕೊಂಡ ಸರಳ ಸತ್ಯ ಇಷ್ಟೇ. ವಿಸ್ಕಾನ್ಸಿನ್ನಿನವರು ಬರೆದ ಸರದಿಯಲ್ಲಿ ಒಂದು ತಿದ್ದುಪಡಿಯನ್ನೂ ನಾವು ಬಯಸುತ್ತೇವೆ: ಮನೆಯವರು ಸರಕಾರದ ಹಿಂದೆ ನಿಲ್ಲದೆ ಮುಂದೆ ನಿಲ್ಲಲಿ. ಸರಕಾರದ ಉಗ್ರಾಣಕ್ಕೆ ಒಂದು ದಿನ ತಡವಾಗಿ ಹಣ ಬಂದರೆ ಉಗ್ರಾಣ ಹಸಿಯುವುದಿಲ್ಲ.

ಒಂದು ಕಾಲಕ್ಕೆ ನಮ್ಮ ಚಾಳುಗಳ ಬಾಗಿಲಲ್ಲಿ ತಿಂಗಳ ಮೊದಲ ವಾರ ಮನಿಯಾರ್ಡರಿನ ಫಾರ್ಮು ತುಂಬುವ ಕೆಲಸ ಹಬ್ಬದಂತೆ ನಡೆಯುತ್ತಿತ್ತು. ಬರೆಯಲು ಬಾರದವರಿಗೆ ರಾತ್ರಿಶಾಲೆಯ ಹುಡುಗರು ಬರೆದುಕೊಡುತ್ತಿದ್ದರು. ಬಾಡಿಗೆ, ಖಾನಾವಳಿ, ಅಂಗಡಿಯ ಉದ್ದರಿ ಎಲ್ಲ ಕಳೆದು ಉಳಿದ ಕೆಲವು ರೂಪಾಯಿಗಳು ಊರಿಗೆ ಹೋಗುತ್ತಿದ್ದವು. ಆ ಸಣ್ಣ ಮೊತ್ತ ಊರಿನ ಮನೆಗೆ ಮುಟ್ಟಿದಾಗ ಅಲ್ಲಿಯವರಿಗೆ ಹಣವಷ್ಟೇ ಮುಟ್ಟಲಿಲ್ಲ; ದೂರದಲ್ಲಿರುವವನು ಇನ್ನೂ ತಮ್ಮವನೇ ಎಂಬ ಸುದ್ದಿಯೂ ಮುಟ್ಟಿತು. ಸೆರೆಯಾಳಿನ ಮನೆಗೂ ಅಂಥ ಸುದ್ದಿ ತಿಂಗಳಿಗೊಮ್ಮೆ ಮುಟ್ಟಬೇಕು. ಹೊರಗೆ ಬಂದ ದಿನ ಅವನು ಕಾಲಿಡಲು ಒಂದು ಬಾಗಿಲು ತೆರೆದಿರುವುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.